ಬಾಸ್ಟನ್ ಮ್ಯೂಸಿಯಂನ ಅಮೆರಿಕನ್ ವಿಂಗ್: ಮಮ್ಮಿಗಳನ್ನು ಬಿಟ್ಟು ಮೊದಲು ಇಲ್ಲಿಗೆ ಹೋಗಿ

ಊರಿಂದ ಯಾರಾದರೂ ಬಂದರೆ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ಗೆ ಕರೆದುಕೊಂಡು ಹೋಗುವುದು ಇಲ್ಲಿ ನಮ್ಮವರ ವಾಡಿಕೆ. ಒಳಗೆ ಹೋದ ಮೇಲೆ ಎಲ್ಲರೂ ಓಡುವುದು ಈಜಿಪ್ಟಿನ ಮಮ್ಮಿಗಳ ಕಡೆಗೆ, ಆಮೇಲೆ ಮೋನೆ ಚಿತ್ರಗಳ ಕಡೆಗೆ. ಅಮೆರಿಕದ ಹಳೇ ಚಿತ್ರಗಳ ಕಡೆ ತಲೆ ಹಾಕುವವರು ಕಡಿಮೆ. "ವಿಗ್ ಹಾಕ್ಕೊಂಡಿರೋ ಮುದುಕರ ಸಾಲು" ಎಂದು ಗೆಳೆಯನೊಬ್ಬ ಒಂದೇ ಮಾತಲ್ಲಿ ತಳ್ಳಿಹಾಕಿದ್ದ. ನನ್ನ ಪ್ರಕಾರ ಟಿಕೆಟ್ ದುಡ್ಡು ವಸೂಲಾಗುವುದೇ ಅಲ್ಲಿ.

ಈ ವಿಂಗ್ ತೆರೆದದ್ದು 2010ರಲ್ಲಿ. ನಾಲ್ಕು ಮಹಡಿ. ಮೇಲೆ ಹತ್ತಿದಂತೆ ಕಾಲವೂ ಮುಂದಕ್ಕೆ ಹೋಗುತ್ತದೆ. 1670ರ ಗಿಬ್ಸ್ ಮನೆಯ ಮಕ್ಕಳ ಚಿತ್ರಗಳು ಇಲ್ಲಿನ ಸಂಗ್ರಹದಲ್ಲೇ ಇವೆ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ನಾಲ್ಕೂವರೆ ವರ್ಷದ ರಾಬರ್ಟ್‌ಗೆ ಉದ್ದನೆಯ ಗೌನ್, ಆಗ ಪುಟ್ಟ ಗಂಡುಮಕ್ಕಳಿಗೂ ಅದೇ ಬಟ್ಟೆ. ಮುಖ ಚಪ್ಪಟೆ, ಮೈಗೆ ತೂಕವೇ ಇಲ್ಲ. ಆದರೆ ಲೇಸಿನ ಒಂದೊಂದು ಎಳೆಯನ್ನೂ ಶ್ರದ್ಧೆಯಿಂದ ಬರೆದಿದ್ದಾನೆ. ಇದನ್ನು ಗಮನಿಸಿ ಹೋಗಿ. ಮನುಷ್ಯರನ್ನು ಬರೆಯಲು ಕಲಿಯುವ ಮೊದಲೇ ಇಲ್ಲಿನ ಚಿತ್ರಕಾರರು ಬಟ್ಟೆ, ಮರ, ಲೋಹ ಬರೆಯಲು ಕಲಿತಿದ್ದರು.

ಕಲಿಸುವವರಾದರೂ ಯಾರಿದ್ದರು? ಬಾಸ್ಟನ್ನಿನಲ್ಲಿ ಕಲಾಶಾಲೆ ಇರಲಿಲ್ಲ. 1729ರಲ್ಲಿ ಜಾನ್ ಸ್ಮೈಬರ್ಟ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರ ಬಂದ. ಜೊತೆಗೆ ಇಟಲಿಯ ದೊಡ್ಡ ಚಿತ್ರಗಳ ನಕಲುಗಳನ್ನೂ ತಂದ. ಅವನ ಸ್ಟುಡಿಯೋನೇ ಊರಿಗೆ ಶಾಲೆಯಾಯಿತು. ಉಳಿದದ್ದೆಲ್ಲ ಲಂಡನ್ನಿನಿಂದ ಬರುತ್ತಿದ್ದ ಕಪ್ಪು-ಬಿಳುಪು ಅಚ್ಚುಚಿತ್ರ ನೋಡಿ ಕಲಿತದ್ದು. 1738ರಲ್ಲಿ ಹುಟ್ಟಿದ ಜಾನ್ ಸಿಂಗಲ್ಟನ್ ಕಾಪ್ಲಿ ಬೆಳೆದದ್ದೂ ಹೀಗೇ. ಅವನ ಮಲತಂದೆ ಪೀಟರ್ ಪೆಲ್ಹಮ್ ಅಚ್ಚುಚಿತ್ರ ಕೆತ್ತುವವನು. ಅಷ್ಟೇ ಅವನ ಬಂಡವಾಳ.

ಲೆವೆಲ್ ಒಂದರಲ್ಲಿ ಕಾಪ್ಲಿ ಬರೆದ ಪಾಲ್ ರೆವೀರ್ ಚಿತ್ರವಿದೆ, 1768ರದ್ದು. ಅದರ ಮುಂದೆ ನಮ್ಮ ಸೋದರಮಾವನನ್ನು ನಿಲ್ಲಿಸಿದ್ದೆ. ಅವರು ಶಿವಮೊಗ್ಗದಲ್ಲಿ ಆಯಸ್ಸೆಲ್ಲ ಬೆಳ್ಳಿ-ಬಂಗಾರದ ಕೆಲಸ ಮಾಡಿದವರು. ರೆವೀರ್ ಕೂಡ ಅಕ್ಕಸಾಲಿಗ. ಕೋಟಿಲ್ಲ, ವಿಗ್ಗಿಲ್ಲ, ಬರೀ ಅಂಗಿ ಮತ್ತು ಗುಂಡಿ ಬಿಚ್ಚಿದ ವೇಸ್ಟ್‌ಕೋಟು. ಒಂದು ಕೈ ಗಲ್ಲಕ್ಕೆ, ಇನ್ನೊಂದರಲ್ಲಿ ಬೆಳ್ಳಿ ಟೀಪಾಟ್. ಮಾವ ಮುಖ ನೋಡಲೇ ಇಲ್ಲ. ನೇರ ಮೇಜಿನ ಮೇಲಿನ ಉಳಿಗಳಿಗೆ ಹೋದರು.

"ಪಾತ್ರೆ ಆಗಿದೆ ಕಣೋ, ಕೆತ್ತನೆ ಇನ್ನೂ ಆಗಿಲ್ಲ. ಅದಕ್ಕೇ ಚರ್ಮದ ದಿಂಬಿನ ಮೇಲೆ ಇಟ್ಕೊಂಡಿದಾನೆ."

"ಹಾಗಾದ್ರೆ ಕೆಲಸದ ಮಧ್ಯೆ ಕೂತಿದಾನೆ ಅನ್ನಿ ಮಾವ."

"ಎಲ್ಲಿ ಕೆಲಸ? ಇಷ್ಟು ನುಣ್ಣಗಿರೋ ಮೇಜಿನ ಮೇಲೆ ಯಾವನಾದ್ರೂ ಉಳಿ ಹಿಡೀತಾನಾ? ಅಂಗಿ ನೋಡು, ಈಗ ಮಡಿ ಮಾಡ್ಕೊಂಡು ಬಂದಂಗಿದೆ."

ಕಲಾ ಇತಿಹಾಸದವರೂ ಹೇಳುವುದು ಇದನ್ನೇ. ಇದು ಕೆಲಸದ ಕೋಣೆಯಲ್ಲ, ಕೆಲಸಗಾರನ ಹೆಮ್ಮೆಗೆ ಹಾಕಿದ ಸೆಟ್. ಹತ್ತಿರ ಹೋಗಿ ಟೀಪಾಟ್ ನೋಡಿ. ಹಿಡಿದ ಬೆರಳುಗಳ ನೆರಳು ಬೆಳ್ಳಿಯೊಳಗೆ ಬಾಗಿ ಕಾಣುತ್ತದೆ. ಪಾಲಿಶ್ ಮಾಡಿದ ಮೇಜಿನಲ್ಲಿ ಅಂಗಿಯ ಬಿಳುಪು ಇಳಿದಿದೆ. ಇಷ್ಟನ್ನು ಮನೆಯಲ್ಲೇ ಕಲಿತವನು ಬರೆದಿದ್ದಾನೆ, ಅಲ್ವಾ! ಅಷ್ಟಿದ್ದೂ ಜನ ತನ್ನ ಕಸುಬನ್ನು ಬಡಗಿ, ದರ್ಜಿ, ಚಮ್ಮಾರರ ಕೆಲಸದ ಲೆಕ್ಕಕ್ಕೇ ಸೇರಿಸುತ್ತಾರೆ ಎಂದು ಕಾಪ್ಲಿ ಗೊಣಗುತ್ತಿದ್ದ. ಮಾವನಿಗೆ ಇದನ್ನು ಹೇಳಿದಾಗ "ಸೇರಿಸಿದ್ರೆ ತಪ್ಪೇನು?" ಎಂದರು.

ಮ್ಯೂಸಿಯಂ ಮಾಡಿರುವ ಒಳ್ಳೇ ಕೆಲಸವೆಂದರೆ, ರೆವೀರ್ ಅದೇ 1768ರಲ್ಲಿ ತಯಾರಿಸಿದ 'ಸನ್ಸ್ ಆಫ್ ಲಿಬರ್ಟಿ' ಬೆಳ್ಳಿ ಬಟ್ಟಲನ್ನೂ ಚಿತ್ರದ ಹತ್ತಿರವೇ ಇಟ್ಟಿರುವುದು. ಬ್ರಿಟಿಷರ ಮಾತಿಗೆ ಬಗ್ಗದ 92 ಶಾಸಕರ ಗೌರವಕ್ಕೆ ಮಾಡಿದ ಬಟ್ಟಲು. 1949ರಲ್ಲಿ ಇದನ್ನು ಕೊಳ್ಳಲು ಬಾಸ್ಟನ್ನಿನ ಶಾಲಾಮಕ್ಕಳೂ ಕಾಸು ಕೊಟ್ಟಿದ್ದರು. ಚಿತ್ರದ ಮನುಷ್ಯ, ಅವನ ಕೈಕೆಲಸ, ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಟೀಪಾಟ್ ಕಥೆ ಮುಂದೆ ಮಜವಾಗಿದೆ. 1773ರಲ್ಲಿ ಬ್ರಿಟಿಷರ ತೆರಿಗೆ ವಿರೋಧಿಸಿ ಊರಿನವರು ಬಾಸ್ಟನ್ ಬಂದರಿನಲ್ಲಿ ಹಡಗಿನ ಚಹಾವನ್ನು ನೀರಿಗೆ ಚೆಲ್ಲಿದರಲ್ಲ, ಆ ಚಹಾ ಯಾರ ಹೆಸರಿಗೆ ಬಂದಿತ್ತೋ ಆ ವ್ಯಾಪಾರಿಗಳಲ್ಲಿ ಒಬ್ಬ ಕಾಪ್ಲಿಯ ಹೆಂಡತಿಯ ತಂದೆ, ರಿಚರ್ಡ್ ಕ್ಲಾರ್ಕ್. ಚೆಲ್ಲಿದವರ ಪೈಕಿ ಪಾಲ್ ರೆವೀರ್! ಎರಡೂ ಪಕ್ಷದವರ ಚಿತ್ರ ಬರೆದು ಬದುಕುತ್ತಿದ್ದ ಕಾಪ್ಲಿ 1774ರಲ್ಲಿ ಹಡಗು ಹತ್ತಿದವನು ಮತ್ತೆ ವಾಪಸ್ ಬರಲಿಲ್ಲ.

ಲಂಡನ್ನಿನ ಕರೆಯೂ ಮೊದಲೇ ಇತ್ತು. ಮಲತಮ್ಮ ಹೆನ್ರಿ ಪೆಲ್ಹಮ್ ಹಾರುವ ಅಳಿಲಿನೊಂದಿಗೆ ಕೂತ ಚಿತ್ರವನ್ನು ಅವನು ಅಲ್ಲಿನ 1766ರ ಪ್ರದರ್ಶನಕ್ಕೆ ಕಳಿಸಿದ್ದ. ಆ ಚಿತ್ರವೂ ಈ ಮ್ಯೂಸಿಯಂನದ್ದೇ. ಹುಡುಗನ ಕೈಯಲ್ಲಿ ಚಿನ್ನದ ಸರಪಳಿ, ಮೇಜಿನ ಮೇಲೊಂದು ನೀರಿನ ಲೋಟ. ಅಲ್ಲಿನ ಹೆಸರಾಂತ ಚಿತ್ರಕಾರ ರೆನಾಲ್ಡ್ಸ್ ಮೆಚ್ಚಿಕೊಂಡ. ಪೆನ್ಸಿಲ್ವೇನಿಯಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆ ನಿಂತಿದ್ದ ಚಿತ್ರಕಾರ ಬೆಂಜಮಿನ್ ವೆಸ್ಟ್ ಮಾತ್ರ ಗೆರೆ ಜಾಸ್ತಿ ಗಟ್ಟಿಯಾಯಿತು ಎಂದ. ಸುಮ್ನೆ ಹೇಳಿದ ಎನಿಸುತ್ತದೆ. ಆ ಗಟ್ಟಿ ಗೆರೆಯೇ ಕಾಪ್ಲಿಯ ಶಕ್ತಿ.

ನಂಬಿಕೆ ಬರದಿದ್ದರೆ ಅವನ ಲಂಡನ್ ಚಿತ್ರ 'ವಾಟ್ಸನ್ ಮತ್ತು ಶಾರ್ಕ್' ನೋಡಿ. ಮೂಲ ವಾಷಿಂಗ್ಟನ್ನಿನಲ್ಲಿದೆ. ಇಲ್ಲಿರುವುದು 1778ರಲ್ಲೇ ಅವನು ತನಗಾಗಿ ಬರೆದುಕೊಂಡ ಅಷ್ಟೇ ದೊಡ್ಡ ಪ್ರತಿ. 1749ರಲ್ಲಿ ಹವಾನಾ ಬಂದರಿನಲ್ಲಿ ಹದಿನಾಲ್ಕರ ಹುಡುಗನೊಬ್ಬನ ಕಾಲನ್ನು ಶಾರ್ಕ್ ಕಚ್ಚಿದ ನಿಜ ಘಟನೆ. ಅಬ್ಬರವಿದೆ, ದೋಣಿಯವರ ಗಾಬರಿಯೂ ಚೆನ್ನಾಗಿದೆ. ಆದರೆ ಶಾರ್ಕ್‌ಗೆ ತುಟಿಗಳಿವೆ! ನಾನು ನೂರು ಶಾರ್ಕ್ ಕೊಟ್ಟು ಒಂದು ಟೀಪಾಟ್ ತೆಗೆದುಕೊಳ್ಳುತ್ತೇನೆ.

ವೆಸ್ಟ್ ವಿಷಯ ಬಂತಲ್ಲ, ಮೈಸೂರಿನವರಿಗೆ ಇನ್ನೊಂದು ಮಾತು. ಅವನ ಶಿಷ್ಯರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೇದರ್ ಬ್ರೌನ್ ಎಂಬವನಿದ್ದ. ಟಿಪ್ಪುವಿನ ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆಯುವ ದೃಶ್ಯವನ್ನು ಲಂಡನ್ನಿನಲ್ಲಿ ಕೂತೇ ಬರೆದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಲ್ಲಿ ಗೆದ್ದದ್ದನ್ನು ಬರೆಯಲು ಅಮೆರಿಕದವನೇ ಸಿಕ್ಕ.

ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಬರೆದ ಜಾರ್ಜ್ ವಾಷಿಂಗ್ಟನ್ ಸಿಕ್ಕರೆ ಬಿಡಬೇಡಿ. ಒಂದು ಡಾಲರ್ ನೋಟಿನ ಮುಖ ಇದೇ, ನೋಟಿನಲ್ಲಿ ದಿಕ್ಕು ತಿರುಗಿದೆ. ಬಾಯಿ ಊದಿದಂತೆ ಕಾಣುವುದಕ್ಕೆ ಕಾರಣ ಕಟ್ಟಿಸಿದ ಹಲ್ಲು. ಸ್ಟುವರ್ಟ್ ಇದನ್ನು ಬೇಕೆಂದೇ ಮುಗಿಸಲಿಲ್ಲ. ಮುಗಿಸಿದ್ದರೆ ಮಾರ್ತಾ ವಾಷಿಂಗ್ಟನ್‌ಗೆ ಕೊಡಬೇಕಾಗುತ್ತಿತ್ತು. ಇಟ್ಟುಕೊಂಡು ನಕಲು ಬರೆದು ಮಾರುತ್ತಾ ಹೋದ, ಅವುಗಳನ್ನು ನೂರು ಡಾಲರ್ ನೋಟು ಎಂದು ಕರೆಯುತ್ತಿದ್ದ. ಚಿತ್ರದ ಒಡೆತನ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಜೊತೆ ಜಂಟಿ. ಸರದಿ ಮೇಲೆ ಓಡಾಡುತ್ತದೆ, ಹಾಗಾಗಿ ಮೊದಲೇ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಜಾರ್ಜ್ ವಾಷಿಂಗ್ಟನ್ ಸೈನ್ಯದೊಂದಿಗೆ ಡೆಲವೇರ್ ನದಿ ದಾಟುವುದನ್ನು ಥಾಮಸ್ ಸಲ್ಲಿ 1819ರಲ್ಲಿ ಬರೆದ ಚಿತ್ರ ಗೋಡೆ ತುಂಬ ಇದೆ. ನಾರ್ತ್ ಕ್ಯಾರೋಲೈನಾದವರು ಬರೆಸಿದ್ದು, ಅವರ ಜಾಗಕ್ಕೆ ಹಿಡಿಸಲಿಲ್ಲ. ಗಾತ್ರ ಬಿಟ್ಟರೆ ನನಗೆ ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ.

ಒಂದು ಕೊರತೆ ಹೇಳಲೇಬೇಕು. ಇದು ಬಾಸ್ಟನ್ ಕಣ್ಣಿನ ಇತಿಹಾಸ. ಅದೇ ಕಾಲದ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್‌ನನ್ನು ಚೆನ್ನಾಗಿ ನೋಡಬೇಕಾದರೆ ಫಿಲಡೆಲ್ಫಿಯಾಕ್ಕೇ ಹೋಗಬೇಕು. ಅಲ್ಲಿ 1795ರ ಚಿತ್ರವೊಂದರಲ್ಲಿ ಅವನ ಮಕ್ಕಳು ಮೆಟ್ಟಿಲು ಹತ್ತುತ್ತಿದ್ದಾರೆ, ಕೆಳಗೆ ನಿಜವಾದ ಮರದ ಮೆಟ್ಟಿಲನ್ನೇ ಜೋಡಿಸಲಾಗಿದೆ.

ಹೋಗುವುದು ಸುಲಭ. ಗ್ರೀನ್ ಲೈನಿನ ಇ ರೈಲು ಬಾಗಿಲಿಗೇ ಬಿಡುತ್ತದೆ. ಮಂಗಳವಾರ ರಜೆ. ನಿಮ್ಮೂರಿನ ಲೈಬ್ರರಿಯಲ್ಲಿ ಪಾಸ್ ಕೇಳಿ, ಟಿಕೆಟ್ ಅಗ್ಗವಾಗುತ್ತದೆ. ಮಕ್ಕಳಿದ್ದರೆ ಶಾರ್ಕ್‌ನಿಂದ ಶುರು ಮಾಡಿ. ಬೆಳ್ಳಿ ಕೆಲಸ ಬಲ್ಲವರು ಜೊತೆಗಿದ್ದರೆ ರೆವೀರ್ ಮುಂದೆ ಅರ್ಧ ಗಂಟೆ ತೆಗೆದಿಡಿ. ನಮ್ಮ ಮಾವನಂತೂ ಮಮ್ಮಿ ನೋಡಲು ಬರಲೇ ಇಲ್ಲ.