ಆರು ವರ್ಷದ ಹೆಲ್ತ್ ಇನ್ಶೂರೆನ್ಸ್: ಮಲಗಿದ್ರೆ ದುಡ್ಡು, ಎದ್ದು ಓಡಾಡಿದ್ರೆ ಇಲ್ಲ

ಕಂಪ್ನಿ ಹೆಸ್ರು ಹಾಕಲ್ಲ, ಹಾಕಿದ್ರೂ ಎಂತ ಉಪ್ಯೋಗ ಇಲ್ಲ, ಮಾನಸಿಕ ಕಾಯ್ಲೆ ವಿಷ್ಯದಲ್ಲಿ ಸುಮಾರು ಪಾಲಿಸಿ ಎಲ್ಲಾ ಒಂದೇ ತರ. ನಾವು ತೀರ್ಥಹಳ್ಳಿ ಕಡೆಯೋರು, ಅಡಿಕೆ ತೋಟ. 2019ರ ಅಕ್ಟೋಬರಲ್ಲಿ ಮಂಡಿ ದುಡ್ಡು ಕೈಗೆ ಬಂದಾಗ ತಗೊಂಡಿದ್ದು, 5 ಲಕ್ಷದ ಫ್ಯಾಮಿಲಿ ಫ್ಲೋಟರ್, ಅಂದ್ರೆ ಮನೆಯೋರಿಗೆಲ್ಲಾ ಸೇರಿ ಒಂದೇ ಪಾಲಿಸಿ. ಮಾನಸಿಕ ಕಾಯ್ಲೆಗೂ ಬರ್ತದಾ ಅಂತ ಆವತ್ತು ಕೇಳ್ಬೇಕು ಅಂತ ಹೊಳೀಲೇ ಇಲ್ಲ, ಯಾರ್ ಕೇಳ್ತಾರೆ ಮಾರಾಯ್ರೆ, ಹಾರ್ಟು ಕಿಡ್ನಿ ಕೇಳಿ ಸೈನ್ ಹಾಕ್ದೆ.

2022ರ ಜುಲೈಲಿ ಮಳೆ ಬಿಡದೆ ಹೊಡೀತಿತ್ತು, ತೋಟಕ್ಕೆ ಬೋರ್ಡೋ ಔಷಧಿ ಹೊಡ್ಯಕ್ಕೆ ಆಗ್ದೆ ಕೊಳೆ ಹಿಡೀತಿತ್ತು, ನನ್ ತಲೆ ಪೂರ್ತಿ ಅಲ್ಲೇ. ಹೆಂಡ್ತಿ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ, ಒಲೆ ಮುಂದೆ ಕೂತ್ರೆ ಕೂತೇ ಇರ್ತಾಳೆ ಅನ್ನೋದು ನನಗಿಂತ ಮೊದ್ಲು ಅಮ್ಮಂಗೆ ಗೊತ್ತಾಯ್ತು. ಶಿವಮೊಗ್ಗದಲ್ಲಿ ಒಂದು ಆಸ್ಪತ್ರೇಲಿ 9 ದಿನ ಅಡ್ಮಿಟ್. ಡಿಪ್ರೆಶನ್ ಅಂದ್ರು. ಬಿಲ್ 58 ಸಾವಿರ.

ಕ್ಯಾಶ್‌ಲೆಸ್, ಅಂದ್ರೆ ಕಂಪ್ನಿನೇ ಆಸ್ಪತ್ರೆಗೆ ನೇರ ಕಟ್ಟೋದು, ಕೊಡ್ಲಿಲ್ಲ. ಕೇಸ್ ಶೀಟಲ್ಲಿ ಯಾರೋ "ತುಂಬಾ ದಿನದಿಂದ ನಿದ್ರಾಹೀನತೆ" ಅಂತ ಬರ್ದಿದ್ರು, ಅದನ್ನೇ ಹಿಡ್ಕೊಂಡು ಪಾಲಿಸಿ ತಗೊಳ್ಳೋಕ್ ಮೊದ್ಲೇ ಇತ್ತಾ, ಯಾಕೆ ಹೇಳಿಲ್ಲ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಕೊನೆಗೆ ಡಾಕ್ಟ್ರು ಮೂರು ವಾರ ಅಂತ ಲೆಟರ್ ಕೊಟ್ರು, ನಾನು ಅದ್ರ ಜೊತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸೆಕ್ಷನ್ 21(4), ಅಂದ್ರೆ ದೇಹದ ಕಾಯ್ಲೆಗೆ ಹೆಂಗೋ ಮನಸ್ಸಿನ ಕಾಯ್ಲೆಗೂ ಹಂಗೇ ವಿಮೆ ಕೊಡ್ಬೇಕು ಅನ್ನೋದು, ಅದನ್ನ ಮತ್ತೆ ವಿಮಾ ಕಂಪ್ನಿಗಳ ಮೇಲಿನ ಪ್ರಾಧಿಕಾರ ಐಆರ್‌ಡಿಎಐ 2018ರ ಆಗಸ್ಟಲ್ಲಿ ಕಂಪ್ನಿಗಳಿಗೆ ಕಳ್ಸಿದ ಸುತ್ತೋಲೆ ಪ್ರಿಂಟ್ ತೆಗ್ದು ಇಟ್ಟು ಕಳ್ಸ್ದೆ. ಯಾವ್ದಕ್ಕೆ ಹೆದರಿದ್ರೋ, 40 ದಿನಕ್ಕೆ 51 ಸಾವಿರ ಅಕೌಂಟಿಗೆ ಬಂತು. ಆವತ್ತು ಕೇಳಿದ್ರೆ ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೆ.

ಆಮೇಲೆ ಶುರುವಾಗಿದ್ದು ಕಥೆ.

ಡಿಸ್ಚಾರ್ಜ್ ಆದ್ಮೇಲೆ 60 ದಿನದ ಖರ್ಚು ಕೊಡ್ತಾರೆ, ಡಾಕ್ಟ್ರ ಫೀಸು ಮಾತ್ರೆ ಎಲ್ಲಾ. ಕೌನ್ಸೆಲಿಂಗ್ ಬಿಲ್ ಮಾತ್ರ ಕಟ್ ಮಾಡಿದ್ರು. 61ನೇ ದಿನ ಕಂಪ್ನಿ ಲೆಕ್ಕದಲ್ಲಿ ನನ್ ಹೆಂಡ್ತಿ ಪೂರ್ತಿ ಗುಣ. ಆಸ್ಪತ್ರೇಲಿ 24 ಗಂಟೆ ಮಲ್ಗಿದ್ರೆ ಕಾಯ್ಲೆ, ಮನೇಲಿದ್ದು ಮಾತ್ರೆ ತಗೊಂಡು ಚೆನ್ನಾಗಿದ್ರೆ ಅದು ಓಪಿಡಿ (ಅಡ್ಮಿಟ್ ಆಗ್ದೆ ತೋರ್ಸ್ಕೊಂಡು ಬರೋದು), ನಮ್ ಪ್ಲಾನಲ್ಲಿ ಇಲ್ಲ. ಅಲ್ಲ, ಈ ಕಾಯ್ಲೆ ಇರೋದೇ ಓಪಿಡೀಲಿ ಅಲ್ವಾ? ಡಾಕ್ಟ್ರು 400, ಕೌನ್ಸೆಲಿಂಗ್ 600, ಮಾತ್ರೆ 1,350, ತಿಂಗ್ಳಿಗೆ 2,350, ವರ್ಷಕ್ಕೆ 28,200. ಪ್ರೀಮಿಯಂ ಬೇರೆ 22 ಸಾವಿರದ ಹತ್ರ. ಅವ್ಳನ್ನ ಮತ್ತೆ ಅಡ್ಮಿಟ್ ಆಗ್ದಂಗೆ ನೋಡ್ಕೊಳ್ಳೋ ಖರ್ಚು ನಂದು, ಅದ್ರ ಲಾಭ ಕಂಪ್ನೀದು.

ಓಪಿಡಿ ಇರೋ ಬೇರೆ ಕಂಪ್ನಿ ಪ್ಲಾನಿಗೆ ಪೋರ್ಟ್ ಆಗಿ, ಅಂದ್ರೆ ಪಾಲಿಸಿನ ಅಲ್ಲಿಗೆ ಬದಲಾಯ್ಸ್ಕೊಳ್ಳಿ ಅಂತಾರೆ. ಕೇಳಿ ನೋಡ್ದೆ, ಹಿಸ್ಟರಿ ನೋಡಿ ಒಂದು ಕಂಪ್ನಿ ಆಗಲ್ಲ ಅಂತು. ಪೋರ್ಟಿಂಗಲ್ಲಿ ಬೇಡ ಅನ್ನೋ ಹಕ್ಕು ಹೊಸ ಕಂಪ್ನಿಗೆ ಇದೆ, ಹಳೇ ಕಂಪ್ನಿ ಈ ಕಾರಣಕ್ಕೆ ರಿನ್ಯೂವಲ್ ಬೇಡ ಅನ್ನಂಗಿಲ್ಲ. ಹಂಗಾಗಿ ಇಲ್ಲೇ ಇದೀವಿ.

ತಿಂಗ್ಳ ಮೊದಲ್ನೇ ಶನಿವಾರ ಬೆಳಿಗ್ಗೆ ಏಳರ ಬಸ್ಸು. ಫೈಲು, ನೀರಿನ ಬಾಟ್ಲಿ, ವಾಂತಿ ಬಂದ್ರೆ ಅಂತ ಒಂದು ನಿಂಬೆಹಣ್ಣು. ಸರ್ಕಾರಿ ಬಸ್ ಸಿಕ್ರೆ ಅವ್ಳಿಗೆ ಟಿಕೆಟ್ ಇಲ್ಲ, ಅವತ್ತು ಅವ್ಳ ಮುಖ ನೋಡ್ಬೇಕು. ಕಿಟಕಿ ಸೀಟು ಅವ್ಳಿಗೇ. ಮೊದ್ಲೊಂದು ವರ್ಷ ಶಿವಮೊಗ್ಗದ ತನಕ ಮಾತಿಲ್ಲ. ಆಮೇಲೊಂದು ದಿನ ಮಂಡಗದ್ದೆ ಹತ್ರ ತುಂಗೆ ನಡುವಿನ ಮರದ ತುಂಬ ಬೆಳ್ಳಕ್ಕಿ ಕೂತಿದ್ವು, "ಈ ಸಲ ಜಾಸ್ತಿ ಬಂದಾವೆ ಅಲ್ವನ್ರೀ" ಅಂದ್ಲು. ಅಷ್ಟೇ. ನಾನು ಹೂಂ ಅಂದೆ, ಅದಕ್ಕಿಂತ ಹೆಚ್ಚು ಬಾಯಿಂದ ಹೊರಡ್ಲಿಲ್ಲ. ಈಗ ವಾಪಸ್ ಬರ್ತಾ ಗಾಜನೂರು ದಾಟೋದ್ರೊಳಗೆ ಡಾಕ್ಟ್ರು ಎಂತ ಅಂದ್ರು, ಅತ್ತಿಗೆ ಫೋನಲ್ಲಿ ಎಂತ ಅಂದ್ಲು, ಎಲ್ಲಾ ಆಗಿರುತ್ತೆ.

ತಾಲ್ಲೂಕು ಆಸ್ಪತ್ರೇಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರೋದು ನಮಗೆ ಗೊತ್ತಾಗಿದ್ದು ತಡ. ಈಗ ಕೆಲವು ಮಾತ್ರೆ ಅಲ್ಲೇ ಪುಕ್ಕಟೆ ತಗೊಳ್ತೀವಿ. ರಾತ್ರಿ ಹೊತ್ತು ಯಾರ್ ಹತ್ರನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾನೇ ಒಂದ್ಸಲ ಮಾಡಿದೀನಿ, ನನಗೋಸ್ಕರ. ಅದು ಬೇರೆ ಕಥೆ.

ಪೂರ್ತಿ ತಾಲ್ಲೂಕು ಆಸ್ಪತ್ರೆಗೇ ಬದಲಾಯ್ಸೋಣ, ಖರ್ಚು ಉಳೀತದೆ ಅಂತ ಅವ್ಳಿಗೂ ಹೇಳ್ದೆ. "ಶನಿವಾರದ ಬಸ್ ಬಿಡಲ್ಲ" ಅಂದ್ಲು.

2025ರ ಅಕ್ಟೋಬರಲ್ಲಿ ರಿನ್ಯೂ ಮಾಡ್ದೆ, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗ್ದಿದ್ದಕ್ಕೆ 18 ಪರ್ಸೆಂಟ್ ಹೊರೆ ಇಳೀತು. ಎರಡೂವರೆ ಸ್ಟಾರ್. ಆ ಅರ್ಧ ಜಿಎಸ್‌ಟಿದು, ಕಂಪ್ನೀದಲ್ಲ.