ಬಾಡಿಗೆ ಕ್ಯಾಂಪಿಂಗ್ ಕಿಟ್: ಟೆಂಟು ಚೆನ್ನ, ಗೂಟ ಕಳಪೆ, ಕಟ್ಟಿದ ರೀತಿ ತಪ್ಪು

ಪುಣೆಯಲ್ಲಿ ಟ್ರೆಕ್ಕಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದರ 12 ಮಕ್ಕಳ ಕಿಟ್ ಬಗ್ಗೆ ಈ ಟಿಪ್ಪಣಿ. ಕೋಥ್ರೂಡ್ ಕಡೆಯ ಕನ್ನಡ ಮನೆಗಳ ಮಕ್ಕಳನ್ನು ಚಳಿಗಾಲದಲ್ಲಿ ಲೋನಾವಳ ಬಳಿಯ ರಾಜಮಾಚಿ ಕೋಟೆಗೆ ಕರೆದೊಯ್ಯುವವರಿಗೆ ಉಪಯೋಗಕ್ಕೆ ಬಂದೀತು.

ಕಿಟ್‌ನಲ್ಲಿರುವುದು ನಾಲ್ಕು ಟೆಂಟು, 12 ಮ್ಯಾಟು, ಒಂದು ತಾಡಪತ್ರಿ, 10 ಲೀಟರಿನ ಅಲ್ಯುಮಿನಿಯಂ ಪಾತ್ರೆ, ಎರಡು ಗ್ಯಾಸ್ ಸ್ಟೋವ್. ‘4 ಜನರ ಟೆಂಟು’ ಎಂದು ಬರೆದಿದ್ದರೂ ಚೀಲ ಸಮೇತ ಹಿಡಿಸುವುದು ಮೂರೇ ಮಕ್ಕಳು. ಅಂಗಡಿಯವರೂ ಹಾಗೇ ಲೆಕ್ಕ ಹಾಕಿದ್ದಾರೆ, ಮೆಚ್ಚಬೇಕು. ಟೆಂಟು ಎರಡು ಪದರದ್ದು, ಹೊರಗಿನ ಬಟ್ಟೆ ಒಳಗಿನದಕ್ಕೆ ತಾಗದಂತೆ ಎಳೆದು ಕಟ್ಟಿದರೆ ಬೆಳಗಿನ ತೇವ ಹಾಸಿಗೆಗೆ ಇಳಿಯುವುದಿಲ್ಲ. ಆದರೆ ಕೌಂಟರಿನಲ್ಲೇ ಬಿಚ್ಚಿ ಮುಟ್ಟಿ ನೋಡಿ. ಯಾರೋ ಒದ್ದೆಯಾಗಿಯೇ ಮಡಚಿ ಹಿಂತಿರುಗಿಸಿದ್ದರೆ ಒಳಗಿನ ಲೇಪ ಅಂಟಂಟಾಗಿ ಹುಳಿ ವಾಸನೆ ಬರುತ್ತದೆ. ಅದು ಸೋರುತ್ತದೆ, ಬೇರೆ ಕೇಳಿ. ಫೈಬರ್ ಕಡ್ಡಿಗಳ ಕೀಲು ಸೀಳಿದೆಯೇ ಎಂದು ಅದರ ಮೇಲೆ ಬಟ್ಟೆಯ ಚೂರು ಸವರಿ ಪರೀಕ್ಷಿಸಿ, ಬೆರಳಿನಿಂದ ಬೇಡ, ಸಿಬಿರು ಚುಚ್ಚುತ್ತದೆ. ಒಳಗಿನ ಇಲಾಸ್ಟಿಕ್ ಸಡಿಲವಾಗಿದ್ದರೆ ಮಕ್ಕಳ ಕೈಯಲ್ಲಿ ಕಡ್ಡಿ ತುಂಡುತುಂಡಾಗಿ ಕಳಚುತ್ತಲೇ ಇರುತ್ತದೆ.

ಗೂಟಗಳು ಮಾತ್ರ ಬರೀ ತಂತಿ. ಸಹ್ಯಾದ್ರಿಯಲ್ಲಿ ತೆಳು ಮಣ್ಣಿನ ಕೆಳಗೇ ಕರಿಕಲ್ಲು, ಎರಡೇಟಿಗೆ ಬಾಗುತ್ತವೆ. 20 ಮೀಟರ್ ಹಗ್ಗ ಹೆಚ್ಚಿಗೆ ಒಯ್ದು ದೊಡ್ಡ ಕಲ್ಲುಗಳಿಗೆ ಕಟ್ಟಿ, ಹಗ್ಗಕ್ಕೆ ಬಿಳಿ ಬಟ್ಟೆಯ ಚೂರು ಬಿಗಿಯಿರಿ. ಕತ್ತಲಾದ ಮೇಲೆ ಮಕ್ಕಳು ಓಡಾಡದೆ ಇರುತ್ತಾರೆಯೇ!

ದೊಡ್ಡ ದೂರು ಇನ್ನೊಂದಿದೆ. ಎಲ್ಲವನ್ನೂ ಎರಡು ಭಾರೀ ಚೀಲಗಳಿಗೆ ತುರುಕಿ ಕೊಡುತ್ತಾರೆ. ಪವನಾ ಕೆರೆಯ ದಂಡೆಯವರೆಗೆ ಗಾಡಿಯಲ್ಲೇ ಹೋಗುವವರಿಗೆ ಅದು ಸರಿ. ಆದರೆ ಲೋನಾವಳದಿಂದ ರಾಜಮಾಚಿ ಬುಡದ ಹಳ್ಳಿ ಉಧೇವಾಡಿಗೆ ಸುಮಾರು 15 ಕಿಲೋಮೀಟರ್ ನಡಿಗೆ. 30 ಕೆಜಿಯ ಮಗುವಿನ ಬೆನ್ನಿಗೆ ನಾಲ್ಕೂವರೆ ಕೆಜಿ ಮೀರಬಾರದು. ಅದರಲ್ಲಿ ನೀರೇ ಎರಡು, ಚಾದರ-ಸ್ವೆಟರು ಒಂದು. ಉಳಿದ ಒಂದೂವರೆಯಷ್ಟೇ ಹಂಚಿಕೆಯ ಸಾಮಾನಿಗೆ. ನಾಲ್ಕೂವರೆ ಕೆಜಿಯ ಟೆಂಟನ್ನು ಅದರಲ್ಲಿ ಮಲಗುವ ಮೂವರಿಗೇ ಹಂಚಿದರೆ ಲೆಕ್ಕ ಸರಿಹೋಗುತ್ತದೆ: ಒಬ್ಬರಿಗೆ ಒಳಬಟ್ಟೆ, ಒಬ್ಬರಿಗೆ ಹೊರಬಟ್ಟೆ, ಒಬ್ಬರಿಗೆ ಕಡ್ಡಿ-ಗೂಟ. ಮ್ಯಾಟು, ತಾಡಪತ್ರಿ, ಪಾತ್ರೆ ದೊಡ್ಡವರ ಪಾಲು. ಹಂಚುವುದು ಹೊರಡುವ ಬೆಳಿಗ್ಗೆಯೇ ಆಗಲಿ. ಹಿಂದಿನ ದಿನವೇ ಮನೆಗೆ ಕೊಟ್ಟುಕಳಿಸಿದರೆ, ಬೆಳಿಗ್ಗೆ ಜ್ವರವೆಂದು ಉಳಿಯುವ ಮಗುವಿನ ಜೊತೆ ಕಡ್ಡಿಗಳೂ ಮನೆಯಲ್ಲೇ ಉಳಿಯುತ್ತವೆ.

ಸ್ಟೋವ್ ಬೇಡವೆಂದು ಅಲ್ಲೇ ಹಿಂತಿರುಗಿಸಿ, ಬಾಡಿಗೆ ಇಳಿಸಲು ಕೇಳಿ. ಲೋನಾವಳಕ್ಕೆ ಹೋಗುವ ಲೋಕಲ್ ಟ್ರೇನಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಮೊದಲೇ ಹೇಳಿಟ್ಟರೆ ಉಧೇವಾಡಿಯ ಮನೆಗಳಲ್ಲಿ ಬಿಸಿ ಪಿಠಲ-ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಮಾಡಿಕೊಡುತ್ತಾರೆ.