ಹೆರಿಗೆಗೆ ಅಡ್ಮಿಟ್ ಆಗುವಾಗ ಖಾಲಿ ಫಾರ್ಮ್‌ಗೆ ಸಹಿ ಹಾಕಬೇಡಿ, ನಾನು ಹಾಕಿ ಮೋಸ ಹೋದೆ

ಮಗಳಿಗೆ ಈಗ ಎರಡೂವರೆ ತಿಂಗಳು. ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಾನು ಏನು ಕೇಳಿದರೂ ಆಸ್ಪತ್ರೆಯವರು ಕೊಟ್ಟ ಉತ್ತರ ಇದೊಂದೇ. "ಮಗು ಚೆನ್ನಾಗಿದೆ ತಾನೆ? ಮತ್ತೇನಮ್ಮ ನಿಮಗೆ?"

ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ತವರು ಹಾಸನ. ಮೊದಲ ಹೆರಿಗೆ ಅಂತ ಸೀಮಂತ ಮುಗಿಸಿಕೊಂಡು ಅಮ್ಮನ ಮನೆಗೆ ಬಂದಿದ್ದೆ. ಈ ಪ್ರೈವೇಟ್ ಆಸ್ಪತ್ರೆಯಲ್ಲಿ ನಾರ್ಮಲ್‌ಗೇ ನೋಡುತ್ತಾರೆ ಅಂತ ನೆಂಟರೆಲ್ಲ ಹೇಳಿದ್ದರು. ನಾರ್ಮಲ್ ಆದರೆ 45 ಸಾವಿರ, ಸಿಸೇರಿಯನ್ ಆದರೆ 90 ಸಾವಿರ ಅಂತ ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದರು. ಬರೆದು ಕೊಡಿ ಅಂತ ನಾವೂ ಕೇಳಲಿಲ್ಲ.

ರಾತ್ರಿ ಹನ್ನೊಂದಕ್ಕೆ ನೋವು ಜೋರಾಯಿತು. ಗಂಡ ಬೆಂಗಳೂರಿಂದ ಹೊರಟಿದ್ದರು, ಇನ್ನೂ ದಾರಿಯಲ್ಲಿ. ಅಮ್ಮನನ್ನು ಲೇಬರ್ ವಾರ್ಡ್ ಬಾಗಿಲಲ್ಲೇ ನಿಲ್ಲಿಸಿದರು. ಸಿಸ್ಟರ್ ಒಂದು ಪ್ಯಾಡ್ ತಂದರು. ಪೆನ್ನಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಪ್ಯಾಡ್‌ಗೇ ಕಟ್ಟಿದ್ದರು, ನೀಲಿ ಪೆನ್ನು, ಅದು ಇನ್ನೂ ಕಣ್ಣ ಮುಂದಿದೆ. "ಇಲ್ಲಿ ಹಾಕಿ, ಇಲ್ಲಿ, ಇಲ್ಲೊಂದು" ಅಂತ ಬೆರಳಿಟ್ಟು ತೋರಿಸಿದರು. ಆರು ಸಹಿ. ನೋವು ಬಂದಾಗ ನಿಲ್ಲಿಸಿದೆ, ಹೋದಾಗ ಹಾಕಿದೆ. ಪ್ರಿಂಟ್ ಆದ ಸಾಲುಗಳ ಮಧ್ಯೆ ಜಾಗ ಖಾಲಿ ಇತ್ತು, ನೋಡಿದೆ. ಏನಿದು ಅಂದೆ. "ಎಲ್ಲರ ಹತ್ರಾನೂ ತಗೋತೀವಿ, ಫಾರ್ಮಾಲಿಟಿ" ಅಂದರು. ನಾನು ಬ್ಯಾಂಕ್‌ನಲ್ಲಿ ಕೆಲಸ ಮಾಡುವವಳು. ಖಾಲಿ ಫಾರ್ಮ್‌ಗೆ ಸಹಿ ಹಾಕಬೇಡಿ ಅಂತ ದಿನಾ ಜನಕ್ಕೆ ಹೇಳುತ್ತೇನೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ.

ಆಗ ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರ್ ಓಪನ್ ಆಗಿದೆ ಅಂದರು. ಬೆಳಿಗ್ಗೆ ಆರಕ್ಕೆ ಡ್ರಿಪ್ ಹಾಕಿದರು. ಅದು ನೋವು ಹೆಚ್ಚಿಸುವ ಔಷಧ ಅಂತ ಯಾರೂ ಹೇಳಲಿಲ್ಲ, ಗ್ಲೂಕೋಸ್ ಅಂದುಕೊಂಡಿದ್ದೆ. ಅದಾದ ಮೇಲೆ ನೋವು ಒಂದರ ಮೇಲೊಂದು ಬರತೊಡಗಿತು, ಉಸಿರಾಡೋಕೂ ಬಿಡುವಿಲ್ಲ. "ಅಮ್ಮಾ, ನನ್ನ ಕೈಲಿ ಆಗಲ್ಲ" ಅಂತ ಕಿರುಚಿದೆ. ಹೌದು, ಕಿರುಚಿದೆ. ಹೆರಿಗೆ ನೋವಲ್ಲಿ ಹಾಗೆ ಅನ್ನದ ಹೆಂಗಸು ಯಾರಿದ್ದಾರೆ? ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹತ್ತು ಗಂಟೆಗೆ ಡಾಕ್ಟರ್ ಬಂದು ನೋಡಿ "ನಾಲ್ಕೇ ಸೆಂಟಿಮೀಟರ್, ಪ್ರೋಗ್ರೆಸ್ ಇಲ್ಲ, ಆಪರೇಷನ್ ಮಾಡೋಣ" ಅಂದರು. ಇನ್ನೂ ಸ್ವಲ್ಪ ಕಾಯಬಹುದಾ ಮೇಡಂ ಅಂದೆ. ಉತ್ತರ ಕೊಡದೆ ಹೊರಗೆ ಹೋದರು. ಹೊರಗೆ ನನ್ನ ಗಂಡನಿಗೆ ಹೇಳಿದ್ದೇ ಬೇರೆ. "ಮಗುವಿನ ಹಾರ್ಟ್‌ಬೀಟ್ ಕಮ್ಮಿ ಆಗ್ತಿದೆ, ಲೇಟ್ ಮಾಡಿದ್ರೆ ನಾವು ಜವಾಬ್ದಾರರಲ್ಲ." ಆ ಮಾತು ಕೇಳಿದ ಮೇಲೆ ಯಾವ ಅಪ್ಪ ಬೇಡ ಅಂತಾನೆ? ಹನ್ನೊಂದೂವರೆಗೆ ಮಗಳು ಹುಟ್ಟಿದಳು, 2.9 ಕೆಜಿ, ಹುಟ್ಟಿದ ಕೂಡಲೇ ಜೋರಾಗಿ ಅತ್ತಳು. ಬಿಲ್ ಆಗಿದ್ದು 1,12,000.

ಸಿಸೇರಿಯನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಅಕ್ಕ, ಅಕ್ಕನ ಮಗ ಇಬ್ಬರೂ ಉಳಿದದ್ದೇ ಸಿಸೇರಿಯನ್‌ನಿಂದ. ನನಗೂ ಬೇಕೇ ಇತ್ತೋ ಏನೋ. ಆದರೆ ಹಾಗಿದ್ದರೆ ಕಾರಣ ಒಂದೇ ಇರಬೇಕು ಅಲ್ವಾ?

ಮುಂದೆ ಆದದ್ದು ಕೇಳಿ. ನಮ್ಮ ಆಫೀಸ್ ಇನ್ಶೂರೆನ್ಸ್‌ನವರು ಆಪರೇಷನ್‌ಗೆ ಕಾರಣ ಏನು, ಕೇಸ್ ಶೀಟ್ ಕಳಿಸಿ ಅಂತ ಕೇಳಿದರು. ಹೊಲಿಗೆ ಇನ್ನೂ ಎಳೆಯುತ್ತಿತ್ತು, ಆಟೋದಲ್ಲಿ ಹೋದೆ. ರೆಕಾರ್ಡ್ ರೂಮಿನ ಹುಡುಗಿ "ಕೇಸ್ ಶೀಟ್ ಪೇಷಂಟ್‌ಗೆ ಕೊಡಲ್ಲ, ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ" ಅಂದಳು. ಮನೆಗೆ ಬಂದು ಓದಿದೆ. ಪೇಷಂಟ್ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮವೇ ಇದೆ. ಅದನ್ನು ಬರೆದು ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆ. ಆಮೇಲೆ ಫೋನ್ ಬಂತು, ಬನ್ನಿ ಅಂತ.

ಜೆರಾಕ್ಸ್ ಮಾಡೋಕೆ ಅವಳು ನನ್ನ ಎದುರೇ ಫೈಲ್ ಬಿಚ್ಚಿದಳು. ಆಪರೇಷನ್ ಒಪ್ಪಿಗೆ ಪತ್ರ. ಕೆಳಗೆ ನನ್ನ ಸಹಿ, ನೀಲಿ ಪೆನ್ನಿನಲ್ಲಿ, ನೋವಿಗೆ ಕೈ ಜಾರಿ ಬಾಲ ಉದ್ದ ಆಗಿರುವ ಸಹಿ. ಮೇಲೆ ಖಾಲಿ ಇದ್ದ ಜಾಗದಲ್ಲಿ ಕಪ್ಪು ಪೆನ್ನಿನಲ್ಲಿ ಬೇರೆ ಯಾರದೋ ಕೈಬರಹ. ಕಾರಣ ಅನ್ನುವ ಕಡೆ "ಮೆಟರ್ನಲ್ ರಿಕ್ವೆಸ್ಟ್".

ಅಂದರೆ ನಾನೇ ಬೇಡಿ ಮಾಡಿಸಿಕೊಂಡದ್ದು! ಪ್ರೋಗ್ರೆಸ್ ಇಲ್ಲ ಅಂತ ಅಲ್ಲ, ಹಾರ್ಟ್‌ಬೀಟ್ ಅಂತಲೂ ಅಲ್ಲ. ನನಗೊಂದು ಕಾರಣ, ಗಂಡನಿಗೊಂದು, ಕಾಗದಕ್ಕೊಂದು. ನಿಂತಲ್ಲೇ ಮೈ ಬೆವರಿತು. ಫೋಟೋ ತೆಗೆಯೋಕೆ ಬಿಡಲಿಲ್ಲ. ಜೆರಾಕ್ಸ್ ಕೈಗೆ ಬಂದಾಗ ನೀಲಿಯೂ ಕಪ್ಪು, ಕಪ್ಪೂ ಕಪ್ಪು. ಎಲ್ಲ ಒಂದೇ ಹೊತ್ತಿಗೆ ಒಂದೇ ಪೆನ್ನಿನಲ್ಲಿ ಬರೆದ ಹಾಗೆ ಕಾಣುತ್ತೆ.

ಡಾಕ್ಟರ್ ಹತ್ತಿರ ಹೋದೆ. ಒಂದೂವರೆ ಗಂಟೆ ಕೂರಿಸಿದರು. ಏನಂದರು ಗೊತ್ತಾ? "ನೀವೇ ಕೈಲಾಗಲ್ಲ ಅಂದ್ರಲ್ಲಮ್ಮ, ಸಿಸ್ಟರ್‌ಗಳೆಲ್ಲ ಕೇಳಿದ್ದಾರೆ." ಹಾರ್ಟ್‌ಬೀಟ್ ಪೇಪರ್ ಎಲ್ಲಿ ಮೇಡಂ ಅಂದೆ, ಹೊಟ್ಟೆಗೆ ಬೆಲ್ಟ್ ಕಟ್ಟಿ ತೆಗೆಯುತ್ತಾರಲ್ಲ, ಸಿಟಿಜಿ, ಅದು ಫೈಲ್‌ನಲ್ಲಿ ಇಲ್ಲ. "ಎಲ್ಲಾನೂ ಇಟ್ಕೊಳ್ಳೋಕೆ ಆಗುತ್ತಾ?" ಅಂದರು. ಮತ್ತೆ ಅದೇ, "ಮಗು ಚೆನ್ನಾಗಿದೆ ತಾನೆ?" ಮ್ಯಾನೇಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಓದಿರೋರು ನೀವು, ಓದದೆ ಸಹಿ ಹಾಕಿದ್ರಾ?" ಆ ಮಾತು ಚುಚ್ಚಿದಷ್ಟು ಹೊಲಿಗೆ ಚುಚ್ಚಲಿಲ್ಲ.

ಆಮೇಲೆ ಓದಿ ಓದಿ ತಿಳಿದದ್ದು ಹೊಟ್ಟೆ ಉರಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ, ಐದು ಸೆಂಟಿಮೀಟರ್ ಆದ ಮೇಲೆಯೇ ಹೆರಿಗೆಯ ಜೋರಾದ ಹಂತ ಶುರು, ಅದಕ್ಕೆ ಮುಂಚೆ ನಿಧಾನ ಆಗುತ್ತಿದೆ ಅನ್ನುವುದೊಂದಕ್ಕೇ ಆಪರೇಷನ್ ಮಾಡಬಾರದು, ತಾಯಿಗೂ ಮಗುವಿಗೂ ತೊಂದರೆ ಇಲ್ಲದಿದ್ದರೆ ಕಾಯಬಹುದು ಅಂತ. ನನ್ನದು ನಾಲ್ಕು. ಹೆರುವವಳ ಜೊತೆ ಅವಳಿಗೆ ಬೇಕಾದವರು ಒಬ್ಬರು ಇರಬೇಕು ಅಂತಲೂ ಅದೇ ಹೇಳುತ್ತೆ. ನಮ್ಮ ಪಕ್ಕದ ಮನೆಯವಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತಳು, ಅವಳ ಅಮ್ಮ ಕೊನೆವರೆಗೂ ಕೈ ಹಿಡಿದುಕೊಂಡು ಜೊತೆಗೇ ಇದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಎರಡೂ ಉಚಿತ, 2011ರ ಯೋಜನೆ. ದುಡ್ಡು ಕೊಟ್ಟ ನನ್ನ ಅಮ್ಮ ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹನ್ನೆರಡು ಗಂಟೆ ಕೂತಿದ್ದರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಪ್ರೈವೇಟ್ ಆಸ್ಪತ್ರೆ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ 14.3. ಅದರಲ್ಲಿ ಎಷ್ಟು ಜನ ನನ್ನ ಹಾಗೆ ಕಾಗದದಲ್ಲಿ "ಬೇಡಿಕೊಂಡವರು" ಇದ್ದಾರೋ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಫಾರ್ಮ್‌ಗಳನ್ನು ಒಂಬತ್ತನೇ ತಿಂಗಳಲ್ಲೇ ಕೇಳಿ ಮನೆಗೆ ತಂದು ಓದಿ. ಖಾಲಿ ಜಾಗ ಇದ್ದರೆ ಗೆರೆ ಎಳೆದು ಆಮೇಲೆ ಸಹಿ ಹಾಕಿ, ಟೈಮ್ ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ನೋವಲ್ಲಿ ನಿಮಗೆ ಆಗಲ್ಲ, ಜೊತೆಯಲ್ಲಿ ಇರುವವರಿಗೆ ಈಗಲೇ ಹೇಳಿಡಿ. ಡ್ರಿಪ್ ಹಾಕಿದರೆ ಅದರಲ್ಲಿ ಏನಿದೆ ಅಂತ ಕೇಳಿ. ಆಪರೇಷನ್ ಅಂದರೆ ಕಾರಣವನ್ನು ನಿಮ್ಮಿಬ್ಬರ ಎದುರೂ ಒಟ್ಟಿಗೆ ಹೇಳಲಿ. ನಿಜವಾಗಿ ಮಗುವಿಗೆ ತೊಂದರೆ ಇದ್ದರೆ ಒಂದು ನಿಮಿಷವೂ ತಡ ಮಾಡಬೇಡಿ, ಒಪ್ಪಿಕೊಳ್ಳಿ, ಆದರೆ ಕಾರಣ ಬರೆಸಿ.

ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಕೆಪಿಎಂಇ ಕಾಯ್ದೆ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ. ಅಲ್ಲಿ ಕೊಟ್ಟಿದ್ದೇನೆ, ಒರಿಜಿನಲ್ ಫೈಲ್ ತರಿಸಿ ಎರಡು ಇಂಕ್ ನೋಡಿ ಅಂತ ಬರೆದಿದ್ದೇನೆ. ರಾಜಿ ಮಾಡ್ಕೊಳ್ಳಮ್ಮ, ಮಗು ಇರೋ ಮನೆ, ಯಾಕೆ ಈ ಓಡಾಟ ಅಂತ ಅಪ್ಪ ಅನ್ನುತ್ತಾರೆ. ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, ಬಿಲ್‌ನಲ್ಲಿ ಹತ್ತು ಸಾವಿರ ವಾಪಸ್ ಕೊಡುತ್ತಾರಂತೆ, ಒಂದು ಕಾಗದಕ್ಕೆ ಸಹಿ ಹಾಕಿ ಹೋಗಬೇಕಂತೆ. ಹಾಕಲ್ಲ ಅಂದೆ.